ಬಾಲ್ಸರ್ ಇಳಿಯುವ ತಿರುವು

ಚೀಸಿನ ನೆಲಮಾಳಿಗೆಯಲ್ಲಿ ಕೆಲಸ ಮಾಡುವ ಬಾಲ್ಸರ್ ಕಾಂತಿಯೇನಿ ಪ್ರತಿವರ್ಷ ಫೆಬ್ರವರಿಯ ಹಳಬರ ಓಟದಲ್ಲಿ ತಲೆ ಮುಂದಾಗಿ ಮಂಜುಗಡ್ಡೆಯಲ್ಲಿ ಜಾರುವ, ಗಾಲಿಯಿಲ್ಲದ ಸ್ಕೆಲಿಟನ್ ಬಂಡಿಯ ಮೇಲೆ ಬೋರಲು ಮಲಗುತ್ತಿದ್ದ. ಪ್ರತಿವರ್ಷವೂ ಕೊಟ್ಟಿಗೆ ತಿರುವಿನಲ್ಲಿ ಬೀಳುತ್ತಿದ್ದ. ಬೆಟ್ಟದ ಹಳ್ಳಿ ಪ್ರಾಸೂರದ ಜನ ಇದನ್ನು ದುರಂತ ಎಂದಾಗಲಿ ತಮಾಷೆ ಎಂದಾಗಲಿ ಭಾವಿಸಿರಲಿಲ್ಲ. ಡಿಸೆಂಬರಿನಲ್ಲಿ ಎನ್ ನದಿಯ ಅಂಚು ಹೆಪ್ಪುಗಟ್ಟುತ್ತದೆ, ಮಾರ್ಚಿಯ ಮೊದಲನೇ ದಿನ ಮಕ್ಕಳು ಗಂಟೆ ಬಾರಿಸಿ ಚಳಿಯನ್ನು ಓಡಿಸುತ್ತಾರೆ, ನಡುವೆ ಬಾಲ್ಸರ್ ಬೀಳುತ್ತಾನೆ. ಸೃಷ್ಟಿಯ ಕ್ರಮ ಹಾಗಿತ್ತು.

ಬೀಳುವುದರಲ್ಲೂ ಅವನಿಗೆ ಒಂದು ಪದ್ಧತಿಯಿತ್ತು. ಕಾಡಂಚಿನಿಂದ ಹೊರಟ ಬಂಡಿ ಮಂಜುಗಡ್ಡೆಯ ಕಾಲುವೆಯಲ್ಲಿ ಮೊದಲ ತಿರುವುಗಳನ್ನೆಲ್ಲ ಸುಸೂತ್ರವಾಗಿ ದಾಟುತ್ತಿತ್ತು. ದೂರದಲ್ಲಿ ಹುಲ್ಲಿನ ಕೊಟ್ಟಿಗೆ ಕಂಡದ್ದೇ ತಡ, ಬೀಳಬಾರದು ಬೀಳಬಾರದು ಎಂದು ಬಾಲ್ಸರ್ ಮೈಯೆಲ್ಲ ಬಿಗಿಹಿಡಿಯುತ್ತಿದ್ದ. ಎಡಭುಜ ಒತ್ತುತ್ತಿತ್ತು, ಮೊಣಕಾಲು ಅದಕ್ಕೆ ವಿರುದ್ಧವಾಗಿ ಒತ್ತುತ್ತಿತ್ತು, ಬೂಟಿನ ತುದಿ ಮಂಜನ್ನು ಕೆರೆಯುತ್ತಿತ್ತು. ಬಂಡಿ ಯಾರ ಮಾತು ಕೇಳಬೇಕೆಂದು ತಿಳಿಯದೆ ಗೋಡೆಯನ್ನೇರಿ, ಸವಾರನನ್ನು ಹೊರಗಿನ ಹಿಮದ ರಾಶಿಗೆ ಒಪ್ಪಿಸಿ, ತಾನೊಂದೇ ಕೆಳಗಿಳಿದು ನದಿಯ ದಂಡೆಯಲ್ಲಿ ಕೊನೆಯ ಗೆರೆ ದಾಟುತ್ತಿತ್ತು. ಬಾಲ್ಸರನ ಬಂಡಿ ಎಷ್ಟೋ ಸಲ ಗುರಿ ಮುಟ್ಟಿತ್ತು. ಬಾಲ್ಸರ್ ಒಂದು ಸಲವೂ ಮುಟ್ಟಿರಲಿಲ್ಲ. ಮುಟ್ಟಬೇಕೆಂಬುದೊಂದೇ ಅವನಿಗೆ ಬದುಕಿನಲ್ಲಿ ಉಳಿದಿದ್ದ ಆಸೆ. ಈ ಸಲದ ಓಟವೇ ಅದಕ್ಕೆ ಕೊನೆಯ ಅವಕಾಶ. ಬರುವ ವರ್ಷ ಅವನ ವಯಸ್ಸಿನವರನ್ನು ಓಟ ನಡೆಸುವ ಸಮಿತಿಯವರು ಕಾಲುವೆಗೆ ಬಿಡುವುದಿಲ್ಲ.

ಹೀಗಿರುವಾಗ ಜನವರಿಯ ಒಂದು ಸಂಜೆ, ಹೆಂಡತಿಯ ತಮ್ಮ ತುಮಾಶನ ಖಾನಾವಳಿಯಲ್ಲಿ ಬಾಲ್ಸರ್ ಅಕ್ರೋಟದ ಕೇಕು ತಿನ್ನುತ್ತ ಕುಳಿತಿದ್ದ. ಬಾಸೆಲ್ ಪಟ್ಟಣದಿಂದ ಬಂದಿದ್ದ ಹಲ್ಲಿನ ಡಾಕ್ಟರಮ್ಮ ಒಬ್ಬರು ಕಾಲುವೆಯ ವಿಚಾರ ಕೇಳಿದರು. ತುಮಾಶ್ ಒಂದೊಂದೇ ತಿರುವನ್ನು ವರ್ಣಿಸಿ, ಕೊಟ್ಟಿಗೆ ತಿರುವಿಗೆ ಬಂದಾಗ, ಗೋಡೆಯ ಮೇಲಿನ ಜಿಂಕೆಯ ಕೊಂಬನ್ನು ತೋರಿಸುವಷ್ಟೇ ಸಹಜವಾಗಿ ಬಾಲ್ಸರನ ಕಡೆ ಕೈ ತೋರಿಸಿದ.

"ಇವ್ರು ನಮ್ ಭಾವ. ಪ್ರತಿವರ್ಷ ಅಲ್ಲೇ ಬೀಳ್ತಾರೆ."

ಡಾಕ್ಟರಮ್ಮ ತಿರುಗಿ ನೋಡಿದರು. ಆ ನೋಟದಲ್ಲಿ ಅಪಹಾಸ್ಯವಿದ್ದಿದ್ದರೆ ಬಾಲ್ಸರ್ ಸಹಿಸಿಕೊಳ್ಳುತ್ತಿದ್ದ. ಅದರಲ್ಲಿ ಕರುಣೆಯಿತ್ತು. ಅವನು ಕೇಕನ್ನು ನುಂಗಿ, ಬಾಯಿ ಒರೆಸಿಕೊಂಡು, ಜೀವಮಾನದಲ್ಲಿ ಎಂದೂ ಆಡದಷ್ಟು ಗಂಭೀರವಾಗಿ ಹೇಳಿದ: "ಬೀಳೋದಲ್ಲ. ಅಲ್ಲಿ ಇಳೀತೀನಿ."

"ಬೇಕಂತಲೇ?"

"ಬೇಕಂತಲೇ."

"ಯಾಕೆ?"

ಅಷ್ಟು ದೂರ ಬಾಲ್ಸರ್ ಯೋಚಿಸಿರಲಿಲ್ಲ. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಅದನ್ನೇ ನೋಡುತ್ತ, "ಅಲ್ಲಿಗೆ ಸಾಕು ಅನ್ಸತ್ತೆ," ಎಂದ.

ಒಲೆಯ ಪಕ್ಕ ಇಸ್ಪೀಟು ಆಡುತ್ತಿದ್ದ ಮುದುಕರು ಎಲೆಗಳನ್ನು ಮಗುಚಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಕಣ್ಣೆದುರಿಗೇ ನಡೆದದ್ದು ತಮಗೆ ಹೊಳೆಯಲಿಲ್ಲವಲ್ಲ ಎಂಬ ಪಶ್ಚಾತ್ತಾಪ ಆ ಮುಖಗಳ ಮೇಲಿತ್ತು. ತುಮಾಶ್ ಯಾರೂ ಕೇಳದೆಯೇ ಭಾವನ ಲೋಟಕ್ಕೆ ವೈನು ಸುರಿದ. ತುಮಾಶ್ ಹಾಗೆ ಸುರಿಯುವವನಲ್ಲ.

ಮರುದಿನ ಬೆಳಗಾಗುವಷ್ಟರಲ್ಲಿ ಮಾತು ಊರ ನಡುವಿನ ನೀರಿನ ತೊಟ್ಟಿಯ ಬಳಿ ಬಂದು, ಅಲ್ಲಿಂದ ಮನೆಮನೆಗೆ ಹರಿದಿತ್ತು. ಬ್ರೆಡ್ಡಿನ ಅಂಗಡಿಯಲ್ಲಿ ಜನ ಅವನಿಗೆ ಸಾಲಿನಲ್ಲಿ ಮುಂದೆ ಜಾಗ ಬಿಟ್ಟುಕೊಟ್ಟರು. ಗಾಯನ ಮಂಡಳಿಯಲ್ಲಿ, ಯಾವಾಗಲೂ ಅವನ ಪಕ್ಕ ನಿಂತು ಅವನ ಅಪಸ್ವರಕ್ಕೆ ಮೊಣಕೈಯಿಂದ ತಿವಿಯುತ್ತಿದ್ದ ಮೇಷ್ಟ್ರು ಅಂದು ತಿವಿಯಲಿಲ್ಲ. ಅಪಸ್ವರಕ್ಕೂ ಏನೋ ಅರ್ಥವಿದ್ದೀತು ಎಂಬಂತೆ ತಲೆದೂಗಿದರು. ಮನೆಯಲ್ಲಿ ಮಾತ್ರ ಗಾಳಿ ಬೇರೆ ಬೀಸುತ್ತಿತ್ತು. ಹೆಂಡತಿ ಮೆಂಜಾ, ಪ್ರತಿ ಓಟದ ಮರುದಿನ ಅವನ ಬೆನ್ನಿಗೆ ಮುಲಾಮು ತಿಕ್ಕುವವಳು, ಒಂದೇ ಮಾತು ಹೇಳಿದಳು: "ಇಳಿಯೋನ ಬೆನ್ನು ಹಂಗೆ ನೀಲಿ ಆಗಲ್ಲ."

ಮೂರನೆಯ ದಿನ ಕಾಲುವೆ ಸಮಿತಿಯ ಅಧ್ಯಕ್ಷ ಆಂದ್ರಿ ಚೀಸಿನ ನೆಲಮಾಳಿಗೆಗೆ ಇಳಿದು ಬಂದ. ಬಾಲ್ಸರನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆದರೂ ಅಂದು ಆಂದ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಬಾಲ್ಸರ್ ಚೀಸಿನ ಚಕ್ರಗಳನ್ನು ಒಂದೊಂದಾಗಿ ಮಗುಚಿ ಉಪ್ಪುನೀರು ಸವರುತ್ತಿದ್ದ. ಅಧ್ಯಕ್ಷನನ್ನು ನೋಡಿದ ಗಾಬರಿಯಲ್ಲಿ ಎಲ್ಲಿಯವರೆಗೆ ಮಗುಚಿದ್ದೆನೆಂದು ಮರೆತು, ಮಗುಚಿದ್ದನ್ನೇ ಮತ್ತೆ ಮಗುಚತೊಡಗಿದ.

ಸಮಿತಿ ಕೂತು ಚರ್ಚಿಸಿದೆ ಎಂದು ಆಂದ್ರಿ ತಿಳಿಸಿದ. ಮೊದಲು ಅವರಿಗೂ ಅನುಮಾನವಿತ್ತಂತೆ. ಆಮೇಲೆ ಒಬ್ಬೊಬ್ಬರೂ ನೆನಪು ಮಾಡಿಕೊಂಡು ನೋಡಿದರೆ, ಅಷ್ಟು ವರ್ಷಗಳಲ್ಲಿ ಬಾಲ್ಸರ್ ಬಿದ್ದ ಜಾಗ ಒಂದು ಮಾರು ಆಚೀಚೆ ಆಗಿಲ್ಲ.

"ತಪ್ಪಿ ಬೀಳೋನು ಒಂದ್ ವರ್ಷ ಅಲ್ಲಿ ಬೀಳ್ತಾನೆ, ಒಂದ್ ವರ್ಷ ಇಲ್ಲಿ ಬೀಳ್ತಾನೆ," ಎಂದ ಆಂದ್ರಿ. "ನಾನೇ ಎಲ್ಲೆಲ್ಲೋ ಬಿದ್ದಿದೀನಿ. ಪ್ರತಿವರ್ಷ ಅದೇ ಜಾಗ ಅಂದ್ರೆ ಅದು ಬೀಳೋದಲ್ಲ ಬಾಲ್ಸರ್, ವಿದ್ಯೆ."

ಬಾಲ್ಸರನ ಕೈಯಲ್ಲಿದ್ದ ಬ್ರಷ್ಷಿನಿಂದ ಉಪ್ಪುನೀರು ಬೂಟಿನ ಮೇಲೆ ತೊಟ್ಟಿಕ್ಕಿತು. ಬಾಸೆಲಿನವರ ಮುಂದೆ ಒಂದು ಮಾತು ಆಡಿದ್ದು ಬೇರೆ, ಊರಿನ ಸಮಿತಿಯ ಅಧ್ಯಕ್ಷನಿಗೆ ಮೋಸ ಮಾಡುವುದು ಬೇರೆ. ಅವನು ದೈವಭೀರು ಮನುಷ್ಯ. ಬ್ರಷ್ಷನ್ನು ಕೆಳಗಿಟ್ಟು ಹೇಳಿದ: "ಆಂದ್ರಿ, ನಾನು ಬೀಳೋದು ನಿಜವಾಗ್ಲೂ ಬೀಳೋದೇ ಕಣೋ. ಅಂಜಿಕೆಗೆ ಬೀಳ್ತೀನಿ."

ಆಂದ್ರಿಯ ಕಣ್ಣು ತೇವವಾಯಿತು. "ದೊಡ್ಡೋರು ಇದನ್ನೇ ಹೇಳೋದು," ಎಂದು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದ. ಆ ವಾರವೇ ಕೊಟ್ಟಿಗೆ ತಿರುವಿನಲ್ಲಿ 'ಬಾಲ್ಸರ್ ಇಳಿಯುವ ತಿರುವು' ಎಂಬ ಹಲಗೆ ಬಂತು. ಪ್ರಾಸೂರದಲ್ಲಿ ತಿರುವುಗಳಿಗೆ ಊರಿನವರ ಹೆಸರಿಡುವುದು ಹಿಂದಿನಿಂದ ಬಂದ ರೂಢಿ. ಆದರೆ ಇಡುತ್ತಿದ್ದದ್ದು ಅವರು ಮಣ್ಣಾದ ಮೇಲೆ. ಬದುಕಿದ್ದವನೊಬ್ಬನ ಹೆಸರು ಮಂಜಿನ ಪಕ್ಕ ನಿಂತದ್ದು ಅದೇ ಮೊದಲು. ಬಾಲ್ಸರ್ ಅದನ್ನು ನೋಡಲು ಹೋಗಿ, ಎದುರಿಗೆ ಬಂದ ಅಂಚೆಯವಳು ಟೋಪಿ ತೆಗೆದದ್ದು ತನಗೋ ಹಲಗೆಗೋ ಎಂದು ತಿಳಿಯದೆ, ತಾನೂ ಹಲಗೆಗೆ ಟೋಪಿ ತೆಗೆದು ಹಿಂದಿರುಗಿದ.

ಇನ್ನು ಉಳಿದವರು ಪಾದ್ರಿಗಳು. ಅವರ ಮುಂದೆ ತಪ್ಪೊಪ್ಪಿಕೊಂಡರೆ ಅವರೇ ಊರಿಗೆ ತಿಳಿಸಿಯಾರು ಎಂದು ಬಾಲ್ಸರ್ ಶನಿವಾರ ಅವರ ಮನೆಗೆ ಹೋದ. ಕೊನೆಯ ಗೆರೆ ಮುಟ್ಟಬೇಕೆಂದು ತನಗೆ ತುಂಬ ಆಸೆಯಿದೆ, ಈ ವರ್ಷವಾದರೂ ಮುಟ್ಟುತ್ತೇನೆ, ಊರಿನವರು ನಿರಾಶರಾಗದಂತೆ ತಾವು ಒಂದು ಮಾತು ಹೇಳಬೇಕು ಎಂದು ಕೇಳಿಕೊಂಡ. ಪಾದ್ರಿಗಳು ಬಹಳ ಹೊತ್ತು ಕಣ್ಣುಮುಚ್ಚಿ ಕೇಳಿದರು. ಭಾನುವಾರ ಒಂದು ಮಾತೇಕೆ, ಪೂರ್ತಿ ಪ್ರವಚನವನ್ನೇ ಹೇಳಿದರು. ಗೆಲುವು ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ, ಒಳಗೆ ಆಸೆ ಕುದಿಯುತ್ತಿದ್ದರೂ, ನಡುದಾರಿಯಲ್ಲಿ ಇಳಿದು ಉಳಿದವರಿಗೆ ಹಾದಿ ಬಿಡುವವನ ಮಹಿಮೆ ಅದರ ವಿಷಯ. ಹೆಸರು ಹೇಳಲಿಲ್ಲ. ಇಡೀ ಇಗರ್ಜಿ ಬಾಲ್ಸರನ ಕತ್ತಿನ ಹಿಂಭಾಗವನ್ನು ನೋಡುತ್ತಿತ್ತು. ಅದು ಚೀಸಿನ ಕೆಂಗಂದು ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

ಅಲ್ಲಿಂದ ಮುಂದೆ ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ. ಕಣಿವೆಯ ಕೆಳಗಿನ ಪಟ್ಟಣದಿಂದ ಸುರಕ್ಷತೆಯ ಅಧಿಕಾರಿಯೊಬ್ಬ ಬಂದು, ತಾವು ಸರಿಯಾಗಿ ಎಲ್ಲಿ ಇಳಿಯುತ್ತೀರಿ, ತಲೆ ಮೊದಲೋ ಕಾಲು ಮೊದಲೋ ಎಂದು ಬಾಲ್ಸರನನ್ನು ಬಹುವಚನದಲ್ಲಿ ವಿಚಾರಿಸಿದ. ಅದು ಆಯಾ ವರ್ಷದ ಮೇಲೆ ಹೋಗುತ್ತದೆ ಎಂದು ಬಾಲ್ಸರ್ ಪ್ರಾಮಾಣಿಕವಾಗಿ ಉತ್ತರಿಸಿದ. ಅಧಿಕಾರಿ ಹೌಹಾರಿ, ಎರಡಕ್ಕೂ ಸಾಲುವಂತೆ ಹಿಮದ ರಾಶಿಯನ್ನು ಕೊಟ್ಟಿಗೆಯ ಸೂರಿನವರೆಗೆ ಏರಿಸಲು ಹೇಳಿದ. ಊರೆಲ್ಲ ಸಲಿಕೆ ಹಿಡಿದು ಏರಿಸಿತು. ತುಮಾಶ್ ಖಾನಾವಳಿಯ ಬೆಂಚುಗಳನ್ನು ತಿರುವಿಗೆ ಸಾಗಿಸಿದ. ಬಾರ್ಲಿ ಗಂಜಿಯ ದೊಡ್ಡ ಹಂಡೆಗೆ ಅಲ್ಲೇ ಒಲೆ ಹೂಡಿದ. ಅಭ್ಯಾಸಕ್ಕೆಂದು ಬಂಡಿ ಹೊತ್ತು ಹೊರಟ ಬಾಲ್ಸರನನ್ನು ದಾರಿಯಲ್ಲಿ ತಡೆದು, "ಬೇಡ ಭಾವ. ಅಪ್ಪಿತಪ್ಪಿ ಕೆಳಗೆ ಹೋಗ್ಬಿಟ್ರೆ?" ಎಂದ.

ಎಲ್ಲಕ್ಕಿಂತ ಹೆಚ್ಚಾಗಿ ಉರ್ಶ್ಲಾ ಅತ್ತೆ. ಮೆಂಜಾಳ ಸೋದರತ್ತೆ ಆಕೆ. ತೊಂಬತ್ತು ದಾಟಿದವಳು. ಎಷ್ಟೋ ಚಳಿಗಾಲಗಳಿಂದ ಒಲೆಯ ಪಕ್ಕದ ಬೆಂಚು ಬಿಟ್ಟು ಎದ್ದವಳಲ್ಲ. ಅವಳೂ ನೋಡಲು ಬರುತ್ತಾಳಂತೆ ಎಂದು ಸುದ್ದಿಯಾಯಿತು. ಬಾಲ್ಸರ್ ಅವಳ ಮನೆಗೆ ಓಡಿಹೋಗಿ, ಚಳಿ ಕೆಟ್ಟದ್ದು, ಬರಬೇಡಿ ಅತ್ತೆ ಎಂದು ಬೇಡಿಕೊಂಡ. ಅವಳು ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ನಮ್ಮ ಮೆಂಜಾಗೆ ಇವನು ಸಾಲದು ಅಂತ ಅವತ್ತು ಅಂದಿದ್ದೋಳು ನಾನೇ ಕಣಪ್ಪ. ಕಣ್ಮುಚ್ಚೋದ್ರೊಳಗೆ ನೀನು ಇಳಿಯೋದನ್ನ ನೋಡ್ಬಿಡ್ತೀನಿ."

ಓಟಕ್ಕೆ ಇನ್ನೊಂದೇ ದಿನವಿತ್ತು. ಬಾಲ್ಸರ್ ಮನೆಗೆ ಬಂದು ಬಂಡಿಯನ್ನು ಮಗುಚಿ ಹಾಕಿ, ಅಡಿಯ ಉಕ್ಕಿನ ಸರಳುಗಳನ್ನು ಮರಳು ಕಾಗದದಿಂದ ಉಜ್ಜುತ್ತ ಕೂತ. ಸಂಜೆ ಮೆಂಜಾ ಹಾಲು ಕರೆದುಕೊಂಡು ಬಂದಾಗಲೂ ಉಜ್ಜುತ್ತಿದ್ದ. ಈ ವರ್ಷವೂ ಬಿದ್ದುಬಿಡುತ್ತೇನೆ, ಎಂದು ತಿಳಿಸಿದ. ಮೆಂಜಾ ಹಾಲಿನ ಪಾತ್ರೆ ಇಳಿಸಿ ಅವನನ್ನೇ ನೋಡಿದಳು. ಪ್ರತಿವರ್ಷ ಓಟದ ಹಿಂದಿನ ದಿನ ಈ ಮನುಷ್ಯ ಈ ಸಲ ಬೀಳುವುದಿಲ್ಲ ಎಂದೇ ಹೇಳಿದವನು. ಅವಳು ಒಳಗೆ ಹೋಗಿ ಬಿಸಿ ಹಾಲು ತಂದುಕೊಟ್ಟಳು.

ಓಟದ ಭಾನುವಾರ ಪ್ರಾರ್ಥನೆ ಮುಗಿದದ್ದೇ ಊರು ತಿರುವಿನ ಕಡೆ ನಡೆಯಿತು. ಯಾರೂ ನಗುತ್ತಿರಲಿಲ್ಲ. ಗಾಯನ ಮಂಡಳಿ ಕರಿಯ ಕೋಟು ತೊಟ್ಟು ಸಾಲಾಗಿ ನಿಂತಿತು. ಉರ್ಶ್ಲಾ ಅತ್ತೆಯನ್ನು ಕುರ್ಚಿಸಮೇತ ಹೊತ್ತು ತಂದು, ಕಾಲಡಿ ಕಾದ ಕಲ್ಲಿಟ್ಟು, ಮೂರು ಕಂಬಳಿ ಹೊದಿಸಿದರು. ಕೊನೆಯ ಗೆರೆಯ ಬಳಿ ಹೊತ್ತು ನೋಡಬೇಕಾದ ಗಡಿಯಾರದವನೂ, ಬಾಲ್ಸರ್ ಹೇಗೂ ಅಲ್ಲಿಗೆ ಬರುವುದಿಲ್ಲವಲ್ಲ ಎಂದು, ಗಂಜಿ ಕುಡಿಯಲು ಮೇಲೆ ಬಂದಿದ್ದ.

ಉಳಿದ ಹಳಬರೆಲ್ಲ ಓಟ ಮುಗಿಸಿಯಾಗಿತ್ತು. ಕಾಡಂಚಿನಲ್ಲಿ ಬಾಲ್ಸರನ ಬಳಿ ಗಂಟೆ ಬಾರಿಸುವವನ ಹೊರತು ಯಾರೂ ಇರಲಿಲ್ಲ. ಗಂಟೆ ಹೊಡೆಯಿತು. ಬಾಲ್ಸರ್ ಬಂಡಿಯ ಹಿಡಿ ಹಿಡಿದು ಬಾಗಿ ಓಡಿದ, ಅದರ ಮೇಲೆ ಬೋರಲು ಬಿದ್ದ, ಹೊರಟುಹೋದ.

ಅವನ ಮನಸ್ಸು ಎಂದೂ ಇಲ್ಲದಷ್ಟು ಹಗುರಾಗಿತ್ತು. ಗುರಿಯ ಆಸೆಯನ್ನು ಮೇಲೆಯೇ ಬಿಟ್ಟು ಬಂದಿದ್ದ. ಬೀಳುವುದೊಂದೇ ಬಾಕಿ, ಅದು ತನಗೆ ಚೆನ್ನಾಗಿ ಬರುವ ಕೆಲಸ. ಮಂಜು ಗದ್ದದ ಕೆಳಗೆ ಬೆರಳಷ್ಟು ದೂರದಲ್ಲಿ ಹರಿಯುತ್ತಿತ್ತು. ಕೊಟ್ಟಿಗೆ ಕಂಡಿತು. ಅದರ ಮುಂದೆ ಕಪ್ಪಗೆ ಸಾಲಾಗಿ ಅವನವರೆಲ್ಲ ಕಂಡರು. ನಿಮ್ಮಿಷ್ಟ, ಎಂದುಕೊಂಡು ಬಾಲ್ಸರ್ ಭುಜ ಸಡಿಲಿಸಿದ, ಮೊಣಕಾಲು ಸಡಿಲಿಸಿದ, ಬೂಟಿನ ತುದಿಯನ್ನು ಎತ್ತಿದ, ಕಣ್ಣುಮುಚ್ಚಿ ಬೀಳಲು ಕಾದ.

ಆ ಬಂಡಿಗೆ ಬೇಕಾಗಿದ್ದದ್ದು ಅಷ್ಟೇ. ಇಷ್ಟು ವರ್ಷ ಬೆನ್ನ ಮೇಲೆ ಜಗಳವಾಡುತ್ತಿದ್ದವನು ಸುಮ್ಮನಾದದ್ದೇ ಅದು ಗೋಡೆಯನ್ನೇರಿ, ಅಂಚಿನ ಸಡಿಲ ಹಿಮವನ್ನು ಒಂದು ಸಲ ಸವರಿ, ತನ್ನ ಪಾಡಿಗೆ ತಾನು ತಿರುವನ್ನು ದಾಟಿತು.

ಬಾಲ್ಸರ್ ಬೀಳಲು ಕಾಯುತ್ತಲೇ ಇದ್ದ. ಬಂಡಿ ಮೆಲ್ಲಗಾಯಿತು. ಏರು ಹತ್ತಿದಂತಾಯಿತು. ಸ್ವರ್ಗಕ್ಕೆ ಹೋಗುವಾಗ ಹೀಗೇ ಇರಬಹುದು ಎಂದುಕೊಂಡ. ಕೊನೆಯ ಗೆರೆಯಾಚೆ ಕಾಲುವೆ ಏರು ಹಿಡಿಯುತ್ತದೆ, ಅಲ್ಲಿ ಕಾಲೂರಿ ಬಂಡಿ ನಿಲ್ಲಿಸಬೇಕು. ಇದು ಪ್ರಾಸೂರದಲ್ಲಿ ಹಾಲು ಹಲ್ಲಿನ ಮಕ್ಕಳಿಗೂ ಗೊತ್ತು. ಅಲ್ಲಿಯವರೆಗೆ ಬಂದವನೇ ಅಲ್ಲದ ಬಾಲ್ಸರನಿಗೆ ಗೊತ್ತಿರಲಿಲ್ಲ. ಸ್ವರ್ಗದ ಬಾಗಿಲವರೆಗೆ ಹೋದ ಬಂಡಿ ಹಿಂದಕ್ಕೆ ಜಾರಿತು. ಮತ್ತೆ ಮುಂದೆ, ಮತ್ತೆ ಹಿಂದೆ, ತೊಟ್ಟಿಲಿನ ಹಾಗೆ ತೂಗಿ ತೂಗಿ, ತಗ್ಗಿನಲ್ಲಿ ನಿಂತಿತು. ಅವನು ಕಣ್ಣು ತೆರೆದ. ಪಕ್ಕದಲ್ಲಿ ನದಿ. ಮೇಲೆ ಕೊನೆಯ ಗೆರೆಯ ಕೆಂಪು ಬಟ್ಟೆ. ಒಂದು ನರಪಿಳ್ಳೆಯೂ ಇಲ್ಲ. ಬಹಳ ಹೊತ್ತು ಹಾಗೇ ಬೋರಲು ಮಲಗಿ ನದಿಯ ಸದ್ದು ಕೇಳಿದ. ಆಮೇಲೆ ಊರಿಗೆ ಎಂಥ ಅನ್ಯಾಯ ಮಾಡಿಬಿಟ್ಟೆ ಎಂಬುದು ನೆನಪಾಗಿ, ಬಂಡಿಯನ್ನು ಹೆಗಲ ಮೇಲೆ ಹಾಕಿಕೊಂಡು, ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಳ್ಳುತ್ತ ಕಾಲುದಾರಿ ಹತ್ತಿದ.

ತಿರುವಿನಲ್ಲಿ ಊರು ಬಾಲ್ಸರನನ್ನು ಹುಡುಕುತ್ತಿತ್ತು.

ಅವರು ಕಂಡದ್ದು ಇಷ್ಟು: ಬಂಡಿ ಬಂತು, ಗೋಡೆ ಹತ್ತಿತು, ಬೆಳ್ಳಗೆ ಹಿಮದ ಮೋಡ ಎದ್ದಿತು. ಪ್ರತಿವರ್ಷ ಏಳುವ ಮೋಡವೇ. ಮೋಡದೊಳಗಿಂದ ಬಂಡಿ ಕೆಳಗೆ ಹೋದ ಸದ್ದು ಕೇಳಿಸಿತು, ಅದೂ ಪ್ರತಿವರ್ಷದ್ದೇ. ಎಲ್ಲರೂ ರಾಶಿಯ ಕಡೆ ತಿರುಗಿ, ಬಾಲ್ಸರ್ ಕೈಯೆತ್ತಲೆಂದು ಕಾದರು. ಮಂಡಳಿಯವರು ಹಾಡಲು ಉಸಿರೆಳೆದು ಹಿಡಿದುಕೊಂಡಿದ್ದರು. ಕೈ ಏಳಲಿಲ್ಲ. ರಾಶಿಯೋ ಕೊಟ್ಟಿಗೆಯ ಸೂರಿನಷ್ಟೆತ್ತರ. ಮೇಷ್ಟ್ರು ಉಸಿರು ಬಿಟ್ಟು ಸಲಿಕೆ ಎತ್ತಿಕೊಂಡರು. ಆಮೇಲೆ ಎಲ್ಲರೂ.

ಬಾಲ್ಸರ್ ಮೇಲೆ ಬಂದು ನೋಡಿದಾಗ ಊರೆಲ್ಲ ಅಗೆಯುತ್ತಿತ್ತು. ನೋಡಲು ಬಂದವರಲ್ಲಿ ಯಾರೋ ಬಿದ್ದು ಹೂತುಹೋಗಿದ್ದಾರೆಂದು ಅವನು ತಿಳಿದ. ಕ್ಷಮೆಯ ಮಾತು ಮರೆತುಹೋಯಿತು. ಬಂಡಿಯನ್ನು ಬದಿಗಿಟ್ಟು, ತಲೆಯ ಹೆಲ್ಮೆಟ್ಟನ್ನೂ ತೆಗೆಯದೆ, ಸುಸ್ತಾಗಿ ನಿಂತಿದ್ದ ಪಾದ್ರಿಗಳ ಕೈಯಿಂದ ಸಲಿಕೆ ತೆಗೆದುಕೊಂಡು ಅಗೆಯಲು ನಿಂತ. ಚೀಸಿನ ಚಕ್ರ ಎತ್ತಿ ಪಳಗಿದ ತೋಳು, ಇಬ್ಬರಷ್ಟು ಅಗೆದ. ಪಕ್ಕದಲ್ಲಿ ತುಮಾಶ್ ಅಳುತ್ತ ಅಗೆಯುತ್ತಿದ್ದ.

"ಯಾರಪ್ಪಾ?" ಎಂದು ಬಾಲ್ಸರ್ ಮೆಲ್ಲಗೆ ಕೇಳಿದ.

ತುಮಾಶ್ ತಲೆಯೆತ್ತಲಿಲ್ಲ. "ಭಾವ."

"ಯಾರ ಭಾವ?"

"ನನ್ ಭಾವ. ನಾನೇ ಕೊಂದ್ಬಿಟ್ಟೆ ಅವರನ್ನ. ಗಂಜಿ ಮಾರೋಕೆ."

ಅಯ್ಯೋ ಪಾಪ ಎಂದು ಬಾಲ್ಸರ್ ಇನ್ನೂ ಜೋರಾಗಿ ಅಗೆದ. ಎರಡು ಸಲಿಕೆ ಹಿಮ ಎತ್ತಿ ಹಾಕಿ, ಮೂರನೆಯದನ್ನು ಎತ್ತುವಾಗ, ತುಮಾಶನಿಗೆ ಇರುವುದು ಒಬ್ಬಳೇ ಅಕ್ಕ ಎಂಬುದು ಅವನಿಗೆ ನೆನಪಾಯಿತು. ಸಲಿಕೆಯನ್ನು ಸದ್ದಾಗದಂತೆ ಕೆಳಗಿಟ್ಟ. ಹೆಲ್ಮೆಟ್ಟು ತೆಗೆದ.

"ತುಮಾಶ್, ನಾನು ಕೆಳಗೆ ಹೋಗಿದ್ದೆ ಕಣೋ."

ಸಲಿಕೆಗಳು ಒಂದೊಂದಾಗಿ ನಿಂತವು. ರಾಶಿಯ ಆ ಮಗ್ಗುಲಲ್ಲಿ ಬರಿಗೈಯಿಂದ ಹಿಮ ಕೆದಕುತ್ತಿದ್ದ ಮೆಂಜಾ ಎದ್ದು ನಿಂತಳು. ಅವಳ ಬೆರಳುಗಳು ಕೆಂಪಾಗಿದ್ದವು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹತ್ತಿರ ಬಂದು, ಅವನ ಕೋಟಿನ ಮೇಲಿನ ಹಿಮವನ್ನು ಒಂದೇ ಸಮನೆ ಕೊಡವತೊಡಗಿದಳು. ಹಿಮ ಹೋದ ಮೇಲೂ ಕೊಡವುತ್ತಲೇ ಇದ್ದಳು.

ಸಮಿತಿ ಅಲ್ಲೇ, ತೋಡಿದ ಗುಂಡಿಯಲ್ಲೇ ಸಭೆ ಸೇರಿತು. ಬಾಲ್ಸರ್ ಕೊನೆಯ ಗೆರೆ ದಾಟಿದ್ದನ್ನು ನೋಡಿದವರು ಯಾರೂ ಇಲ್ಲ, ಆದ್ದರಿಂದ ದಾಟಿದನೆಂದು ಹೇಳಲು ಬರುವುದಿಲ್ಲ ಎಂದು ಆಂದ್ರಿ ನೊಂದು ನುಡಿದ. ಹಾಗಾದರೆ ಏನಾಯಿತೆಂದು ಹೇಳುವುದು? ಕೊನೆಗೆ ಕಂಬಳಿಗಳೊಳಗಿಂದ ಉರ್ಶ್ಲಾ ಅತ್ತೆ ಮಾತಾಡಿದಳು. ಅವಳ ಕಣ್ಣಿಗೆ ಎದುರಿನ ಗಂಜಿ ಹಂಡೆಯೂ ಮಸುಕು.

"ನಾನು ನೋಡಿದೆನಲ್ಲ. ಇಳಿದ. ಹಕ್ಕಿ ಇಳಿದ ಹಂಗೆ. ನಿಮಗೆ ಕಾಣಿಸ್ಲಿಲ್ವಾ?"

ಪಾದ್ರಿಗಳು ತಲೆಬಾಗಿದರು. ಸಮಿತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿರಲಿಲ್ಲ. ಈ ವರ್ಷವೂ ಬಾಲ್ಸರ್ ಎಂದಿನ ಜಾಗದಲ್ಲಿ ಇಳಿದಿದ್ದಾನೆ, ಊರಿನ ಕಣ್ಣಿಗೂ ಕಾಣದಷ್ಟು ನಾಜೂಕಾಗಿ ಇಳಿದಿದ್ದಾನೆ ಎಂದು ತೀರ್ಮಾನವಾಯಿತು. ಮಂಡಳಿ ಹಾಡಿತು. ತುಮಾಶ್ ಮೂಗು ಒರೆಸಿಕೊಂಡು ಎಲ್ಲರಿಗೂ ಗಂಜಿಯನ್ನು ದುಡ್ಡು ಕೇಳದೆ ಬಡಿಸಿದ.

ಬಾಲ್ಸರನ ಗಂಜಿಯ ಬಟ್ಟಲು ಕೈಯಲ್ಲೇ ಆರುತ್ತಿತ್ತು. ಅವನು ಕೆಳಗೆ ನದಿಯ ಕಡೆ ನೋಡುತ್ತಿದ್ದ. ಮೆಂಜಾ ಅವನ ಪಕ್ಕಕ್ಕೆ ಬಂದು ನಿಂತಳು.

"ನಿಜವಾಗ್ಲೂ ಹೋದ್ಯಾ?"

"ಹೂಂ."

"ಹೆಂಗಿತ್ತು?"

ಬಾಲ್ಸರ್ ಬಟ್ಟಲಿನ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ.

"ಯಾರೂ ಇರ್ಲಿಲ್ಲ," ಎಂದ. "ನೀನಾದ್ರೂ ಇರ್ಬೇಕಿತ್ತು ಅನ್ನಿಸ್ತು."

ಮೆಂಜಾ ಅವನ ಕೈಯಿಂದ ಬಟ್ಟಲು ತೆಗೆದು ಬೆಂಚಿನ ಮೇಲಿಟ್ಟಳು. ಬಂಡಿಯ ಒಂದು ತುದಿ ಎತ್ತಿಕೊಂಡು ಇನ್ನೊಂದು ತುದಿಗೆ ಅವನು ಕೈಹಾಕುವವರೆಗೆ ಕಾದಳು.

"ನಡಿ," ಎಂದಳು. "ತೋರ್ಸು."

ಹಾಡು ಇನ್ನೂ ನಡೆಯುತ್ತಿತ್ತು. ಅವರಿಬ್ಬರೂ ಬಂಡಿ ಹಿಡಿದುಕೊಂಡು ಕಾಲುದಾರಿಯಲ್ಲಿ ಕೆಳಗೆ ಇಳಿದು ಹೋದದ್ದನ್ನು ಯಾರೂ ನೋಡಲಿಲ್ಲ.